ಮೇಷ್ಟರ ಮನಸ್ಸಿನೊಳಗಿನ ಅಂಕಪಟ್ಟಿ

ಜೂನ್‌ನಲ್ಲಿ ಶಾಲೆ ತೆರೆದು ಹದಿನೈದು ದಿನ ಕಳೆಯಲಿ. ಆಮೇಲೆ ಯಾವ ಮೇಷ್ಟರನ್ನು ಬೇಕಾದರೂ ಕೇಳಿ ನೋಡಿ. ಈ ತರಗತಿಯಲ್ಲಿ ಫಸ್ಟ್ ಕ್ಲಾಸ್ ಬರುವವರು ಯಾರು, ಹೇಗೋ ಈಜಿ ದಡ ಸೇರುವವರು ಯಾರು, ಮುಳುಗುವವರು ಯಾರು ಎಂದು ಬೆರಳು ಮಡಿಸಿ ಹೇಳಿಬಿಡುತ್ತಾರೆ. ವರ್ಷದ ಕೊನೆಗೆ ಫಲಿತಾಂಶ ಬಂದಾಗ ಅವರ ಮಾತು ಬಹುಮಟ್ಟಿಗೆ ನಿಜವೂ ಆಗಿರುತ್ತದೆ. ‘ನಾನು ಆಗಲೇ ಹೇಳಿರಲಿಲ್ಲವೇ?’ ಎಂದು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ನಾವು ಹೆಮ್ಮೆಪಡುತ್ತೇವೆ. ಬಹಳ ವರ್ಷ ನಾನೂ ಹಾಗೆಯೇ ಹೆಮ್ಮೆಪಟ್ಟವನು. ಅನುಭವ ಎಂದರೆ ಇದೇ ಎಂದುಕೊಂಡಿದ್ದವನು.

ಪ್ರಯೋಗಾಲಯದಲ್ಲಿ ನಾವು ಮಕ್ಕಳಿಗೆ ಒಂದು ಎಚ್ಚರಿಕೆ ಹೇಳುತ್ತೇವೆ. ಪ್ರನಾಳದಲ್ಲಿ ಒಂದೆರಡು ಮಿಲಿಲೀಟರ್ ನೀರು ಮಾತ್ರ ಇದ್ದಾಗ, ಬಿಸಿಯಾಗಿರುವ ಥರ್ಮಾಮೀಟರನ್ನು ಅದರಲ್ಲಿ ಅದ್ದಬೇಡಿ. ಅದು ನೀರಿನ ಉಷ್ಣತೆಯನ್ನು ಅಳೆಯುವುದರ ಜೊತೆಗೆ ನೀರನ್ನೇ ಅಷ್ಟಿಷ್ಟು ಬಿಸಿ ಮಾಡುತ್ತದೆ. ಅಳೆಯುವ ಉಪಕರಣವೇ ಅಳೆಯಬೇಕಾದ್ದನ್ನು ಬದಲಾಯಿಸಿಬಿಡುತ್ತದೆ. ಮೇಷ್ಟರು ಹೇಳುವ ಭವಿಷ್ಯವೂ ಇಂಥದ್ದೇ ಆಗಿದ್ದರೆ? ಹುಡುಗ ದಡ್ಡನಾಗಿದ್ದರಿಂದ ಮೇಷ್ಟರು ಹಾಗೆಂದರೋ, ಮೇಷ್ಟರು ಹಾಗೆ ಅಂದುಕೊಂಡದ್ದರಿಂದ ಹುಡುಗ ಹಾಗಾದನೋ?

ಈ ಪ್ರಶ್ನೆ ಎಲ್ಲ ದೇಶಗಳ ಶಾಲೆಗಳಿಗೂ ಸೇರಿದ್ದು. ಆದರೆ ಅದನ್ನು ಪ್ರಯೋಗದ ಮೇಜಿನ ಮೇಲಿಟ್ಟು ಪರೀಕ್ಷಿಸಿದ್ದು ಹೆಚ್ಚಾಗಿ ಅಮೆರಿಕದಲ್ಲಿ. ಅದಕ್ಕೆ ಕಾರಣವೂ ಉಂಟು. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕಪ್ಪು ಜನಾಂಗದ ಮಕ್ಕಳಿಗೆ ಇನ್ನೊಂದು ಶಾಲೆ ಎಂದು ಕಾನೂನೇ ಇತ್ತು. 1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ ‘ಬ್ರೌನ್’ ಮೊಕದ್ದಮೆಯಲ್ಲಿ ಇದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಬಾಗಿಲೇನೋ ತೆರೆಯಿತು. ನಿಧಾನವಾಗಿ, ಜಗಳ–ಗಲಭೆಗಳ ನಡುವೆ, ಕಪ್ಪು ಮಕ್ಕಳೂ ಬಿಳಿಯ ಮಕ್ಕಳೂ ಮೆಕ್ಸಿಕೋದಿಂದ ಬಂದವರ ಮಕ್ಕಳೂ ಒಂದೇ ಕೋಣೆಯಲ್ಲಿ ಕುಳಿತರು. ಆದರೆ ಆ ಕೋಣೆಯೊಳಗೆ ಯಾರ ಕಡೆ ಮೇಷ್ಟರ ಕಣ್ಣು ಹೋಗುತ್ತದೆ, ಯಾರ ಕಡೆ ಹೋಗುವುದಿಲ್ಲ ಎಂಬುದನ್ನು ನೋಡಲು ಯಾವ ನ್ಯಾಯಾಧೀಶರೂ ಅಲ್ಲಿ ಇರಲಿಲ್ಲ.

ಇಲಿಗಳಿಂದ ಮಕ್ಕಳವರೆಗೆ

ಕಥೆ ಶುರುವಾಗುವುದು ಇಲಿಗಳಿಂದ. ರಾಬರ್ಟ್ ರೋಸೆಂತಾಲ್ ಎಂಬ ಮನೋವಿಜ್ಞಾನಿ 1960ರ ದಶಕದ ಆರಂಭದಲ್ಲಿ ತಮ್ಮ 12 ಮಂದಿ ವಿದ್ಯಾರ್ಥಿಗಳಿಗೆ ತಲಾ ಐದೈದು ಇಲಿಗಳನ್ನು ಕೊಟ್ಟರು. ಕವಲುದಾರಿಯಲ್ಲಿ ಸರಿಯಾದ ಕಡೆಗೆ ತಿರುಗುವುದನ್ನು ಇಲಿಗೆ ಕಲಿಸಬೇಕು, ಇಷ್ಟೇ ಕೆಲಸ. ಅರ್ಧ ಜನಕ್ಕೆ ‘ನಿಮ್ಮವು ಚುರುಕಾದ ತಳಿಯ ಇಲಿಗಳು’ ಎಂದರು. ಉಳಿದವರಿಗೆ ‘ನಿಮ್ಮವು ಮಂದ ತಳಿಯವು’ ಎಂದರು. ವಾಸ್ತವವಾಗಿ ಎಲ್ಲವೂ ಸಾಧಾರಣ ಇಲಿಗಳೇ. ಕೆಲವೇ ದಿನಗಳಲ್ಲಿ ‘ಚುರುಕು’ ಇಲಿಗಳು ನಿಜವಾಗಿಯೂ ಮುಂದೆ ಹೋದವು! ವಿದ್ಯಾರ್ಥಿಗಳು ಮೋಸ ಮಾಡಿರಲಿಲ್ಲ. ಚುರುಕು ಎಂದುಕೊಂಡ ಇಲಿಯನ್ನು ಅವರು ಮೃದುವಾಗಿ ಎತ್ತಿಕೊಂಡಿದ್ದರು, ಅದರ ಮೇಲೆ ಹೆಚ್ಚು ಪ್ರೀತಿ ತೋರಿದ್ದರು. ಇಲಿಗೆ ಇಂಗ್ಲಿಷೂ ಬಾರದು, ಕನ್ನಡವೂ ಬಾರದು. ಕೈಯ ಸ್ಪರ್ಶದಿಂದಲೇ ಅದಕ್ಕೆ ಸುದ್ದಿ ಮುಟ್ಟಿತ್ತು.

ಈ ಬಗ್ಗೆ 1963ರಲ್ಲಿ ಅವರು ಬರೆದ ಒಂದು ಲೇಖನವನ್ನು ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ಲೆನೋರ್ ಜೇಕಬ್‌ಸನ್ ಓದಿದರು. ಇಲಿಗಳನ್ನು ಬಿಟ್ಟು ಮಕ್ಕಳ ಕಡೆಗೆ ಬರುವುದಾದರೆ ನಮ್ಮ ಶಾಲೆ ಇದೆ ಎಂಬರ್ಥದ ಪತ್ರವನ್ನು ಅವರಿಗೆ ಬರೆದರು. ಇಂಥ ಆಹ್ವಾನ ಕೊಡಲು ಎಷ್ಟು ಧೈರ್ಯ ಬೇಕು ಎಂಬುದು ಹೆಡ್‌ಮಾಸ್ಟರ್ ಕುರ್ಚಿಯಲ್ಲಿ ಒಮ್ಮೆ ಕುಳಿತವರಿಗೇ ಗೊತ್ತು.

ಆ ಶಾಲೆ ಇದ್ದದ್ದು ದಕ್ಷಿಣ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ. ಬಡ ಕುಟುಂಬಗಳ ಮಕ್ಕಳೇ ಹೆಚ್ಚು. ಸುಮಾರು ಆರನೇ ಒಂದು ಭಾಗ ಮೆಕ್ಸಿಕನ್ ಮೂಲದವರು. ಒಂದರಿಂದ ಆರರವರೆಗೆ 18 ತರಗತಿಗಳು. 1964ರಲ್ಲಿ ಎಲ್ಲ ಮಕ್ಕಳಿಗೂ ಒಂದು ಬುದ್ಧಿಪರೀಕ್ಷೆ ಕೊಟ್ಟರು. ಹಾರ್ವರ್ಡ್ ಹೆಸರಿನ ಆ ಪರೀಕ್ಷೆ, ಮುಂದಿನ ವರ್ಷ ಯಾವ ಮಕ್ಕಳು ಇದ್ದಕ್ಕಿದ್ದಂತೆ ಅರಳುತ್ತಾರೆ ಎಂಬುದನ್ನು ಹೇಳಬಲ್ಲದು ಎಂದು ಶಿಕ್ಷಕರನ್ನು ನಂಬಿಸಿದರು. ನೂರಕ್ಕೆ 20ರಷ್ಟು ಮಕ್ಕಳ ಹೆಸರಿನ ಪಟ್ಟಿಯನ್ನು ಅವರ ಕೈಗಿತ್ತರು. ಆ ಹೆಸರುಗಳನ್ನು ಆರಿಸಿದ್ದು ಚೀಟಿ ಎತ್ತಿದಂತೆ, ಮನಬಂದಂತೆ. ಪರೀಕ್ಷೆಗೂ ಪಟ್ಟಿಗೂ ಯಾವ ಸಂಬಂಧವೂ ಇರಲಿಲ್ಲ.

ಎಂಟು ತಿಂಗಳ ನಂತರ ಮತ್ತೆ ಅದೇ ಪರೀಕ್ಷೆ. ಒಂದನೇ ತರಗತಿಯಲ್ಲಿ ಸಾಧಾರಣ ಮಕ್ಕಳ ಐ.ಕ್ಯೂ. 12 ಅಂಶ ಏರಿದ್ದರೆ, ಪಟ್ಟಿಯಲ್ಲಿದ್ದವರದು 27 ಅಂಶ ಏರಿತ್ತು. ಎರಡನೇ ತರಗತಿಯಲ್ಲಿ 7ಕ್ಕೆ ಎದುರಾಗಿ 16 ಅಂಶಕ್ಕೂ ಹೆಚ್ಚು. ಮೇಲಿನ ತರಗತಿಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 1968ರಲ್ಲಿ ಇದು ಪುಸ್ತಕವಾಗಿ ಬಂದಾಗ ದೊಡ್ಡ ಸುದ್ದಿಯಾಯಿತು. ಶಿಕ್ಷಕರ ತರಬೇತಿ ಕಾಲೇಜುಗಳ ಪಾಠವಾಯಿತು.

ವಿಜ್ಞಾನದ ಮೇಷ್ಟರಾಗಿ ನಾನು ಇಲ್ಲಿ ಸ್ವಲ್ಪ ನಿಲ್ಲಲೇಬೇಕು. ಒಂದನೇ ತರಗತಿಯ ಪಟ್ಟಿಯಲ್ಲಿದ್ದವರು ಎಷ್ಟು ಮಕ್ಕಳು ಗೊತ್ತೇ? ಏಳೇ ಏಳು. ಅಷ್ಟು ಕಡಿಮೆ ಮಕ್ಕಳಲ್ಲಿ ಒಬ್ಬಿಬ್ಬರ ಅಂಕ ಹಾರಿದರೆ ಸರಾಸರಿಯೇ ಹಾರುತ್ತದೆ. ಆ ಪರೀಕ್ಷೆ ಅಷ್ಟು ಚಿಕ್ಕ ಮಕ್ಕಳಿಗೆ ಹೊಂದುವುದಿಲ್ಲ ಎಂದು ರಾಬರ್ಟ್ ಥಾರ್ನ್‌ಡೈಕ್‌ರಂಥ ತಜ್ಞರು ಅದೇ ವರ್ಷ ಕಟುವಾಗಿ ಟೀಕಿಸಿದರು. ಟೀಕೆ ನ್ಯಾಯವಾದದ್ದೇ. ಆದರೆ ಅದರಿಂದ ಪ್ರಶ್ನೆ ಸಾಯಲಿಲ್ಲ. 1984ರಲ್ಲಿ ಸ್ಟೀಫನ್ ರೌಡೆನ್‌ಬುಷ್ ಎಂಬುವರು ಇಂಥ 18 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಗುಟ್ಟು ಹೊರಬಿತ್ತು. ಮೇಷ್ಟರು ಮಕ್ಕಳನ್ನು ಎರಡು ವಾರಕ್ಕಿಂತ ಹೆಚ್ಚು ಕಾಲ ನೋಡಿದ್ದರೆ, ಹೊರಗಿನವರು ಕೊಟ್ಟ ಸುಳ್ಳು ಪಟ್ಟಿಯಿಂದ ಏನೂ ಆಗುವುದಿಲ್ಲ. ಅಷ್ಟರಲ್ಲಿ ಮೇಷ್ಟರು ತಮ್ಮದೇ ಪಟ್ಟಿಯನ್ನು ಬರೆದುಕೊಂಡು ಮುಗಿಸಿರುತ್ತಾರೆ! ನಾನು ಮೊದಲೇ ಹೇಳಿದ ಆ ಹದಿನೈದು ದಿನ ನೆನಪಿರಲಿ.

ಇನ್ನೂ ಒಂದು ಸಂಗತಿ. ಮೇಷ್ಟರ ನಿರೀಕ್ಷೆಯ ಪ್ರಭಾವ ಸರಾಸರಿಯಲ್ಲಿ ಸಣ್ಣದು, ಅವರ ಅಂದಾಜು ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ ಎಂದು ವಾದಿಸುತ್ತ ಬಂದವರು ಲೀ ಜುಸಿಮ್. ಅಂಥವರೇ 1996ರಲ್ಲಿ, ಮಿಚಿಗನ್ ರಾಜ್ಯದ ಆರನೇ ತರಗತಿಯ ಗಣಿತ ಪಾಠಗಳನ್ನು ನೋಡಿ, ಬಡ ಮಕ್ಕಳ ಮೇಲೆ ಮತ್ತು ಕಪ್ಪು ಜನಾಂಗದ ಮಕ್ಕಳ ಮೇಲೆ ಈ ಪ್ರಭಾವ ಉಳಿದವರಿಗಿಂತ ಬಹಳ ಹೆಚ್ಚು ಎಂದು ಬರೆದರು. ಮನೆಯಲ್ಲಿ ಪುಸ್ತಕ, ಟ್ಯೂಷನ್, ಓದಿದ ಅಪ್ಪ–ಅಮ್ಮ ಎಲ್ಲ ಇರುವ ಮಗುವಿಗೆ ಮೇಷ್ಟರ ಮಾತು ಹತ್ತರಲ್ಲಿ ಒಂದು. ಅದೊಂದೂ ಇಲ್ಲದ ಮಗುವಿಗೆ ಶಾಲೆಯಲ್ಲಿ ಕೇಳಿಸಿಕೊಂಡದ್ದೇ ಎಲ್ಲ. ಪ್ರನಾಳದಲ್ಲಿ ನೀರು ಕಡಿಮೆ ಇದ್ದಷ್ಟೂ ಥರ್ಮಾಮೀಟರಿನ ಬಿಸಿ ಹೆಚ್ಚು ತಾಗುತ್ತದಲ್ಲ, ಹಾಗೆ.

ಆ ಕ್ಯಾಲಿಫೋರ್ನಿಯಾ ಶಾಲೆಯ ವರದಿಯಲ್ಲಿ ಜನ ಹೆಚ್ಚು ಗಮನಿಸದ ಒಂದು ಭಾಗವಿದೆ. ನನ್ನನ್ನು ಹೆಚ್ಚು ಕಾಡಿದ್ದು ಅದೇ. ಪಟ್ಟಿಯಲ್ಲಿ ಇಲ್ಲದ ಕೆಲವು ಮಕ್ಕಳೂ ಆ ವರ್ಷ ತಮ್ಮಷ್ಟಕ್ಕೆ ತಾವೇ ಮುಂದೆ ಬಂದಿದ್ದರು. ಮೇಷ್ಟರು ಅವರ ಬೆನ್ನು ತಟ್ಟಿದರೇ? ಇಲ್ಲ. ಯಾರಿಂದ ಏನೂ ನಿರೀಕ್ಷಿಸಿರಲಿಲ್ಲವೋ, ಅದರಲ್ಲೂ ಕೆಳಗಿನ ವಿಭಾಗದಲ್ಲಿದ್ದವರು, ಎಷ್ಟು ಮುಂದೆ ಬಂದರೋ ಶಿಕ್ಷಕರ ಅಭಿಪ್ರಾಯದಲ್ಲಿ ಅಷ್ಟು ‘ಹೊಂದಿಕೆಯಿಲ್ಲದ’ ಮಕ್ಕಳಾದರು. ನಮ್ಮ ಲೆಕ್ಕವನ್ನು ತಪ್ಪು ಮಾಡಿದ ಹುಡುಗನನ್ನು ನಾವು ಸುಲಭವಾಗಿ ಕ್ಷಮಿಸುವುದಿಲ್ಲ. ‘ಕಾಪಿ ಹೊಡೆದಿರಬೇಕು’ ಎಂಬ ಅನುಮಾನ ಮೊದಲು ಯಾರ ಮೇಲೆ ಬರುತ್ತದೆ, ಯೋಚಿಸಿ.

ಒಂದು ಸೆಕೆಂಡಿನ ಲೆಕ್ಕ

ಮನಸ್ಸಿನಲ್ಲಿರುವ ಅಭಿಪ್ರಾಯ ಮಗುವಿಗೆ ಹೇಗೆ ತಲುಪುತ್ತದೆ? ಬೈದು ಹೇಳುವ ಮೇಷ್ಟರು ಎಲ್ಲೋ ಕೆಲವರು. ಬಣ್ಣ ನೋಡಿ ಬೈದರೆ ಅಮೆರಿಕದಲ್ಲಿ ಕೆಲಸವೇ ಹೋದೀತು. ಇದಕ್ಕೆ ಉತ್ತರ ಹುಡುಕಿದವರಲ್ಲಿ ನಮ್ಮ ವೃತ್ತಿಬಾಂಧವರೇ ಆದ ಒಬ್ಬರಿದ್ದಾರೆ. ವಿಜ್ಞಾನ ಬೋಧನೆಯ ಬಗ್ಗೆ ಸಂಶೋಧನೆ ಮಾಡಿದ ಮೇರಿ ಬಡ್ ರೋ. 1960–70ರ ದಶಕಗಳಲ್ಲಿ ಅವರು ತರಗತಿಗಳ ಪಾಠಗಳನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದು, ಮಾತಿನ ನಡುವಿನ ಮೌನವನ್ನು ಅಳೆದರು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಮೇಷ್ಟರು ಕಾಯುತ್ತಿದ್ದದ್ದು ಸರಾಸರಿ ಒಂದೇ ಸೆಕೆಂಡು. ಅಷ್ಟರೊಳಗೆ ಉತ್ತರ ಬಾರದಿದ್ದರೆ ತಾವೇ ಹೇಳಿಬಿಡುತ್ತಿದ್ದರು, ಇಲ್ಲವೇ ‘ನೆಕ್ಸ್ಟ್’ ಎನ್ನುತ್ತಿದ್ದರು.

ಅದರಲ್ಲೂ ಎಲ್ಲರಿಗೂ ಒಂದೇ ಅಳತೆ ಇರಲಿಲ್ಲ. ತರಗತಿಯ ಮೊದಲ ಐದು ಜಾಣರು ಯಾರು, ಕೊನೆಯ ಐವರು ಯಾರು ಎಂದು ಮೇಷ್ಟರನ್ನೇ ಕೇಳಿ ಗುರುತು ಹಾಕಿಕೊಂಡು ಅಳೆದಾಗ, ಜಾಣರಿಗೆ ಸುಮಾರು ಎರಡು ಸೆಕೆಂಡು, ಕೊನೆಯವರಿಗೆ ಒಂದು ಸೆಕೆಂಡೂ ಪೂರ್ತಿ ಇಲ್ಲ. ಯೋಚಿಸಲು ಹೆಚ್ಚು ಸಮಯ ಬೇಕಾದವನಿಗೆ ಅರ್ಧ ಸಮಯ! ಮೂರು ಸೆಕೆಂಡು ಕಾಯುವುದನ್ನು ಮೇಷ್ಟರಿಗೆ ಅಭ್ಯಾಸ ಮಾಡಿಸಿದಾಗ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು, ಎಂದೂ ಬಾಯಿ ಬಿಡದಿದ್ದ ಮಕ್ಕಳು ಮಾತಾಡಿದರು.

ಇದನ್ನು ಓದಿದ ಮೇಲೆ ನನ್ನ ತರಗತಿಯಲ್ಲೂ ನೋಡೋಣ ಎನಿಸಿತು. ಲೋಲಕದ ಪ್ರಯೋಗಕ್ಕೆ ಬಳಸುವ ಸ್ಟಾಪ್‌ವಾಚನ್ನು ಒಬ್ಬ ಹುಡುಗಿಯ ಕೈಗೆ ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂರಿಸಿದೆ. ನಾನು ಯಾರಿಗೆ ಪ್ರಶ್ನೆ ಕೇಳಿದೆ, ಎಷ್ಟು ಹೊತ್ತು ಕಾದೆ, ಬರೆದುಕೋ ಎಂದೆ. ಒಂದು ವಾರ ಬರೆದಳು. ಅಳೆಯುತ್ತಿದ್ದಾರೆ ಎಂದು ಗೊತ್ತಿದ್ದೂ, ಎಚ್ಚರವಾಗಿದ್ದೂ, ನಾನು ಹಾಗೆಯೇ ಮಾಡಿದ್ದೆ. ಆ ಅಂಕಿಗಳನ್ನು ಇಲ್ಲಿ ಬರೆಯುವಷ್ಟು ಧೈರ್ಯ ನನಗಿಲ್ಲ. ಒಂದು ಮಾತ್ರ ಹೇಳುತ್ತೇನೆ. ಆ ವಾರವೆಲ್ಲ ನಾನು ಒಂದೇ ಒಂದು ಪ್ರಶ್ನೆಯನ್ನೂ ಕೇಳದ ಮಕ್ಕಳು ಹನ್ನೊಂದು ಮಂದಿ. ಅವರ ಹೆಸರುಗಳನ್ನು ಆ ಹುಡುಗಿ ಅಂದವಾದ ಅಕ್ಷರದಲ್ಲಿ ಪಟ್ಟಿ ಮಾಡಿ ಕೊಟ್ಟಿದ್ದಳು. ಪಟ್ಟಿಯಲ್ಲಿ ಅವಳ ಹೆಸರೂ ಇತ್ತು.

ನೀಲಿ ಕಣ್ಣು, ಕಂದು ಕಣ್ಣು

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಮರುದಿನ ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಮೂರನೇ ತರಗತಿಯ ಶಿಕ್ಷಕಿ ಜೇನ್ ಎಲಿಯಟ್ ತಮ್ಮ ಮಕ್ಕಳಿಗೆ ಇದನ್ನು ಹೇಗೆ ವಿವರಿಸುವುದು ಎಂದು ಯೋಚಿಸಿದರು. ಎಲ್ಲರೂ ಬಿಳಿಯ ಮಕ್ಕಳು. ಆಕೆ ತರಗತಿಯನ್ನು ಕಣ್ಣಿನ ಬಣ್ಣದ ಮೇಲೆ ಎರಡು ಭಾಗ ಮಾಡಿದರು. ಒಂದು ದಿನ ಒಂದು ಬಣ್ಣದ ಕಣ್ಣಿನವರು ಮೇಲು, ಮರು ಸರದಿಯಲ್ಲಿ ಇನ್ನೊಂದು ಬಣ್ಣದವರು ಮೇಲು. ಕೀಳೆನಿಸಿಕೊಂಡವರ ಕೊರಳಿಗೆ ಬಟ್ಟೆಯ ಪಟ್ಟಿ.

ಮುಂದೆ ಇದೇ ಪಾಠವನ್ನು ಬೇರೆ ಮಕ್ಕಳಿಗೆ ಮಾಡಿದಾಗ ಚಿತ್ರೀಕರಿಸಿ 1970ರಲ್ಲಿ ಟೆಲಿವಿಷನ್‌ನಲ್ಲಿ ತೋರಿಸಿದರು. ಅದರಲ್ಲಿ ಒಂದು ಸಣ್ಣ ದೃಶ್ಯವಿದೆ. ಕಂದು ಕಣ್ಣಿನ ಮಕ್ಕಳು ಓದುವ ಕಾರ್ಡುಗಳ ಒಂದು ಕಟ್ಟನ್ನು ಮುಗಿಸಲು, ಕೊರಳಲ್ಲಿ ಪಟ್ಟಿ ಇದ್ದ ದಿನ ಐದೂವರೆ ನಿಮಿಷ ತೆಗೆದುಕೊಂಡರು. ಪಟ್ಟಿ ಕಳಚಿ ‘ಮೇಲಿನವರು’ ಆದ ದಿನ ಎರಡೂವರೆ ನಿಮಿಷ. ಅದೇ ಮಕ್ಕಳು, ಅಂಥದೇ ಕಾರ್ಡುಗಳು, ಅದೇ ಟೀಚರ್. ಕೇಳಿದರೆ ಮಕ್ಕಳು ಕೊರಳ ಪಟ್ಟಿಯನ್ನೇ ಕಾರಣವಾಗಿ ಹೇಳುತ್ತಾರೆ. ಎಂಟು ವರ್ಷದ ಮಕ್ಕಳನ್ನು ಹೀಗೆ ನೋಯಿಸುವುದು ಸರಿಯೇ ಎಂಬ ಆಕ್ಷೇಪ ಅಂದೂ ಇತ್ತು, ಇಂದೂ ಇದೆ. ನಾನಾದರೆ ಮಾಡುತ್ತಿರಲಿಲ್ಲ. ಆದರೆ ಒಂದು ದಿನದ ಪಟ್ಟಿಗೇ ಮೂರು ನಿಮಿಷ ಹೋದರೆ, ಹತ್ತು ವರ್ಷ ಶಾಲೆಗೆ ಕಟ್ಟಿಕೊಂಡು ಹೋಗುವ ಪಟ್ಟಿಗೆ ಎಷ್ಟು ಹೋದೀತು?

ಪಟ್ಟಿ ಬಟ್ಟೆಯದೇ ಆಗಬೇಕಿಲ್ಲ, ಕಾಗದದ್ದೂ ಆಗುತ್ತದೆ. ಲಂಡನ್ನಿನಲ್ಲಿ 1960ರ ದಶಕದಲ್ಲಿ ವೆಸ್ಟ್ ಇಂಡೀಸ್‌ನಿಂದ ಬಂದು ನೆಲೆಸಿದವರ ಮಕ್ಕಳು ಅವರ ಸಂಖ್ಯೆಗೆ ಮೀರಿ ‘ಶೈಕ್ಷಣಿಕವಾಗಿ ಸಾಮಾನ್ಯಕ್ಕಿಂತ ಕೆಳಗಿನವರ’ ಶಾಲೆಗಳಿಗೆ ಹೋಗುತ್ತಿದ್ದರು. ಅವರ ಇಂಗ್ಲಿಷಿನ ಧಾಟಿ ಬೇರೆ. ಬುದ್ಧಿಪರೀಕ್ಷೆಯಲ್ಲಿದ್ದದ್ದು ಅವರ ಮನೆಗಳಲ್ಲಿ ಕಾಣದ ವಸ್ತುಗಳು, ಕೇಳದ ಪದಗಳು. ಆ ಶಾಲೆಗಳಲ್ಲಿ ಪಾಠ ಮಾಡಿದ್ದ, ಗ್ರೆನಡಾ ದ್ವೀಪದ ಬರ್ನಾರ್ಡ್ ಕೋರ್ಡ್ 1971ರಲ್ಲಿ ಒಂದು ಪುಟ್ಟ ಪುಸ್ತಕ ಬರೆದು, ಶಾಲೆಯ ವ್ಯವಸ್ಥೆಯೇ ಈ ಮಕ್ಕಳನ್ನು ಹೇಗೆ ದಡ್ಡರನ್ನಾಗಿ ಮಾಡುತ್ತದೆ ಎಂದು ಬಿಡಿಸಿ ಹೇಳಿದರು. ಅವರು ಬರೆದದ್ದು ಪಂಡಿತರಿಗಲ್ಲ, ತಂದೆ–ತಾಯಿಗಳಿಗೆ. ‘ವಿಶೇಷ ಶಾಲೆ’ ಎಂದರೆ ಒಳ್ಳೆಯ ಶಾಲೆ ಇರಬೇಕೆಂದು ನಂಬಿ ಸಹಿ ಹಾಕಿದ್ದ ತಾಯಂದಿರು ಅದನ್ನು ಓದಿ ಎದ್ದು ನಿಂತರು. ಆ ಹಣೆಪಟ್ಟಿಯನ್ನು ಬ್ರಿಟನ್ 1981ರ ಶಿಕ್ಷಣ ಕಾಯಿದೆಯಲ್ಲಿ ಕೈಬಿಟ್ಟಿತು. (ಕೋರ್ಡ್ ಆಮೇಲೆ ಗ್ರೆನಡಾದ ರಾಜಕೀಯಕ್ಕೆ ಹೋಗಿ, 1983ರ ರಕ್ತಪಾತದಲ್ಲಿ ಸಿಕ್ಕಿ ದೀರ್ಘಕಾಲ ಸೆರೆಮನೆಯಲ್ಲಿದ್ದದ್ದು ಬೇರೆಯೇ ಕಥೆ.)

ಅದೇ 1971ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಕೆಲವು ಕಪ್ಪು ಮಕ್ಕಳ ಪೋಷಕರು ಕೋರ್ಟಿಗೆ ಹೋದರು. ಕ್ಯಾಲಿಫೋರ್ನಿಯಾದ ಶಾಲಾ ಮಕ್ಕಳಲ್ಲಿ ನೂರಕ್ಕೆ 9ರಷ್ಟಿದ್ದ ಕಪ್ಪು ಮಕ್ಕಳು, ಬುದ್ಧಿಮಾಂದ್ಯರ ತರಗತಿಗಳಲ್ಲಿ ಮಾತ್ರ ನೂರಕ್ಕೆ 27ರಷ್ಟಿದ್ದರು. ದೂರು ಕೊಟ್ಟ ಮಕ್ಕಳನ್ನು ಕಪ್ಪು ಜನಾಂಗದ ಮನೋವಿಜ್ಞಾನಿಗಳು ಮಕ್ಕಳಿಗೆ ತಿಳಿಯುವ ಮಾತಿನಲ್ಲಿ ಮತ್ತೆ ಪರೀಕ್ಷಿಸಿದಾಗ ಎಲ್ಲರೂ ಆ ಗೆರೆಯನ್ನು ದಾಟಿದರು. ನ್ಯಾಯಾಧೀಶ ರಾಬರ್ಟ್ ಪೆಕಮ್ 1979ರಲ್ಲಿ, ಕಪ್ಪು ಮಕ್ಕಳನ್ನು ಅಂಥ ತರಗತಿಗೆ ಹಾಕಲು ಐ.ಕ್ಯೂ. ಪರೀಕ್ಷೆ ಬಳಸಕೂಡದು ಎಂದು ತೀರ್ಪಿತ್ತರು. ಇದು ‘ಲ್ಯಾರಿ ಪಿ.’ ಮೊಕದ್ದಮೆ ಎಂದು ಹೆಸರಾಗಿದೆ.

58 ಅಂಕದ ಇಬ್ಬರು

ಇವೆಲ್ಲ ಹಳೆಯ ಕಾಲದ ಮಾತು, ಈಗ ಹಾಗಿಲ್ಲ ಎನ್ನುವವರು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನೋಡಬೇಕು. ಅಮೆರಿಕ ಸರ್ಕಾರ 2002ರಲ್ಲಿ ಹತ್ತನೇ ತರಗತಿಯ ಸಾವಿರಾರು ಮಕ್ಕಳ ಬಗ್ಗೆ, ಪ್ರತಿ ಮಗುವಿಗೂ ಇಬ್ಬಿಬ್ಬರು ಶಿಕ್ಷಕರನ್ನು ‘ಈ ಮಗು ಎಲ್ಲಿಯವರೆಗೆ ಓದೀತು?’ ಎಂದು ಕೇಳಿತ್ತು. ಸೇಥ್ ಗರ್ಶನ್‌ಸನ್ ಮತ್ತು ಸಂಗಡಿಗರು ಆ ಉತ್ತರಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದರು. ಒಂದೇ ಮಗು, ಒಂದೇ ವರ್ಷ. ಮಗು ಕಪ್ಪು ಜನಾಂಗದ್ದಾಗಿ, ಶಿಕ್ಷಕರಲ್ಲಿ ಒಬ್ಬರು ಅದೇ ಜನಾಂಗದವರು, ಇನ್ನೊಬ್ಬರು ಅಲ್ಲದವರು ಆಗಿದ್ದರೆ, ಆ ಇನ್ನೊಬ್ಬರು ‘ಈ ಮಗು ಪದವಿ ಮುಗಿಸುತ್ತದೆ’ ಎನ್ನುವ ಸಂಭವ ಸುಮಾರು ನೂರಕ್ಕೆ 30ರಷ್ಟು ಕಡಿಮೆ.

ಇದನ್ನು ಓದಿ ‘ಪಾಪ, ಅಮೆರಿಕದವರು’ ಎಂದು ಪುಸ್ತಕ ಮುಚ್ಚಿ ಇಡಬಹುದಿತ್ತು. ಆದರೆ ಅದೇ ಸುಮಾರಿನಲ್ಲಿ ಮನೆಯ ಅಟ್ಟ ಗುಡಿಸುವಾಗ ನನ್ನ ಹಳೆಯ ಅಂಕಗಳ ಪುಸ್ತಕವೊಂದು ಸಿಕ್ಕಿತು. ಒಂದೇ ಪುಟದಲ್ಲಿ ಇಬ್ಬರು ಹುಡುಗರು, ಹತ್ತನೇ ತರಗತಿ, ಇಬ್ಬರಿಗೂ ವಿಜ್ಞಾನದಲ್ಲಿ 58. ಒಬ್ಬನ ತಂದೆ ಬ್ಯಾಂಕಿನಲ್ಲಿದ್ದರು. ಇನ್ನೊಬ್ಬನ ತಂದೆ ಗಾರೆ ಕೆಲಸದವರು. ಅವರ ಮನೆ ಯಾವ ಕೇರಿಯಲ್ಲಿತ್ತು ಎಂಬುದೂ ನನಗೆ ಗೊತ್ತಿತ್ತು. ಬ್ಯಾಂಕಿನವರಿಗೆ ನಾನು ಹೇಳಿದ್ದು ಚೆನ್ನಾಗಿ ನೆನಪಿದೆ: ‘ಸೈನ್ಸೇ ಕೊಡಿಸಿ ಸಾರ್, ಸ್ವಲ್ಪ ಟ್ಯೂಷನ್ ಇದ್ದರೆ ಹುಡುಗ ಸರಿಹೋಗ್ತಾನೆ.’ ಗಾರೆ ಕೆಲಸದವರಿಗೆ ಹೇಳಿದ್ದೂ ನೆನಪಿದೆ: ‘ಸೈನ್ಸು ಕಷ್ಟ ಆಗುತ್ತಪ್ಪ ಅವನಿಗೆ. ಐಟಿಐಗೆ ಸೇರಿಸು, ಬೇಗ ಸಂಪಾದನೆ ಕೈಗೆ ಹತ್ತುತ್ತೆ.’ ಒಬ್ಬರಿಗೆ ‘ಸಾರ್’, ಇನ್ನೊಬ್ಬರಿಗೆ ‘ಅಪ್ಪ’. ಅವರು ಕೈಮುಗಿದು ‘ನೀವು ಹೇಳಿದ ಹಾಗೇ ಆಗಲಿ ಬುದ್ಧಿ’ ಎಂದು ಹೋದರು.

ಐಟಿಐ ಕೀಳೆಂದು ನಾನು ಹೇಳುತ್ತಿಲ್ಲ. ಆ ಹುಡುಗ ಈಗ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ, ಮರ್ಯಾದೆಯಾಗಿ ಬದುಕಿದ್ದಾನೆ. ನಾನು ಆ ಮಾತನ್ನು ಒಳ್ಳೆಯದಕ್ಕೇ ಹೇಳಿದೆ ಎಂದು ಆಣೆಯಿಟ್ಟು ಹೇಳಬಲ್ಲೆ. ತೊಂದರೆ ಇರುವುದೇ ಅಲ್ಲಿ. 58ನ್ನು ಒಬ್ಬನಲ್ಲಿ ‘ಇನ್ನೂ ಏರಬಹುದು’ ಎಂದು ಓದಿದೆ, ಇನ್ನೊಬ್ಬನಲ್ಲಿ ‘ಇಷ್ಟಾದರೂ ಬಂತಲ್ಲ’ ಎಂದು ಓದಿದೆ.

ಕನಿಕರವೂ ಪೂರ್ವಗ್ರಹವಾಗಬಹುದು ಎಂಬುದಕ್ಕೆ ಅಮೆರಿಕದಲ್ಲಿ ಸಾಕ್ಷ್ಯವಿದೆ. 2012ರಲ್ಲಿ ಕೆಂಟ್ ಹಾರ್ಬರ್ ಮತ್ತು ಸಂಗಡಿಗರು, ಬೇಕೆಂದೇ ತಪ್ಪುತಪ್ಪಾಗಿ ಬರೆದ ಒಂದು ಪ್ರಬಂಧವನ್ನು 113 ಮಂದಿ ಬಿಳಿಯ ಶಿಕ್ಷಕರಿಗೆ ತಿದ್ದಲು ಕೊಟ್ಟರು. ಬರೆದವನು ಕಪ್ಪು ಹುಡುಗ ಎಂದುಕೊಂಡವರು ಹೆಚ್ಚು ಹೊಗಳಿದರು, ಕಡಿಮೆ ತಿದ್ದಿದರು. ಬಿಳಿಯ ಹುಡುಗನಿಗೆ ಕೆಂಪು ಶಾಯಿ ಧಾರಾಳ. ಮೇಲ್ನೋಟಕ್ಕೆ ಔದಾರ್ಯ. ಆದರೆ ತಪ್ಪನ್ನು ತಿದ್ದದೇ ‘ಗುಡ್’ ಎಂದು ಬರೆಸಿಕೊಂಡ ಹುಡುಗ ಆ ತಪ್ಪಿನ ಜೊತೆಗೇ ಮುಂದಿನ ತರಗತಿಗೆ ಹೋಗುತ್ತಾನೆ.

ಹಾಗಾದರೆ ಕಟುವಾಗಿ ತಿದ್ದಬೇಕೇ? ತಿದ್ದಬೇಕು, ಆದರೆ ಏಕೆ ತಿದ್ದುತ್ತಿದ್ದೇನೆ ಎಂಬುದನ್ನು ಮಗುವಿಗೆ ತಿಳಿಸಬೇಕು. ಡೇವಿಡ್ ಯೇಗರ್ ಮತ್ತಿತರರು 2014ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳವಾದದ್ದು. ಏಳನೇ ತರಗತಿಯ ಮಕ್ಕಳ ಪ್ರಬಂಧಗಳನ್ನು ಶಿಕ್ಷಕರು ಎಂದಿನಂತೆ ತಿದ್ದಿದರು. ಕೆಲವರ ಹಾಳೆಗೆ, ನಿನ್ನಿಂದ ನನಗೆ ಬಹಳ ನಿರೀಕ್ಷೆಯಿದೆ, ನೀನು ಅಲ್ಲಿಗೆ ಮುಟ್ಟಬಲ್ಲೆ, ಅದಕ್ಕೇ ಇಷ್ಟು ತಿದ್ದಿದ್ದೇನೆ ಎಂಬ ಅರ್ಥದ ಸಣ್ಣ ಚೀಟಿ ಅಂಟಿಸಿದರು. ಚೀಟಿ ಇಲ್ಲದ ಕಪ್ಪು ಮಕ್ಕಳಲ್ಲಿ ಪ್ರಬಂಧವನ್ನು ಮತ್ತೆ ಬರೆದು ತಂದವರು ನೂರಕ್ಕೆ 17ರಷ್ಟು. ಚೀಟಿ ಸಿಕ್ಕವರಲ್ಲಿ 70ಕ್ಕೂ ಹೆಚ್ಚು. ಪ್ರಯೋಗದಲ್ಲಿದ್ದ ಮಕ್ಕಳು ಕೆಲವೇ ಡಜನ್, ಆದ್ದರಿಂದ ಅಂಕಿಯನ್ನು ಕಲ್ಲಿನಲ್ಲಿ ಕೆತ್ತಬೇಕಿಲ್ಲ. ಆದರೂ ಒಂದು ಚೀಟಿಗೆ ಎಷ್ಟು ಖರ್ಚಾದೀತು?

ನಮ್ಮವರ ಮಕ್ಕಳೂ ಆ ತರಗತಿಗಳಲ್ಲಿದ್ದಾರೆ. 1965ರಲ್ಲಿ ಅಮೆರಿಕ ವಲಸೆಯ ಕಾನೂನನ್ನು ಬದಲಾಯಿಸಿದ ಮೇಲೆ ಹೋದ ಕನ್ನಡಿಗರಲ್ಲಿ ಡಾಕ್ಟರುಗಳು, ಎಂಜಿನಿಯರುಗಳು ಬಹಳ. ಓದಿದವರನ್ನೇ ಸೋಸಿ ಒಳಗೆ ಬಿಟ್ಟ ದೇಶ, ಆಮೇಲೆ ಅವರ ಮಕ್ಕಳನ್ನು ನೋಡಿ ‘ಇಂಡಿಯನ್ನರಿಗೆ ಗಣಿತ ರಕ್ತದಲ್ಲೇ ಇದೆ’ ಎನ್ನುತ್ತದೆ. ಕೇಳಲು ಹಿತವಾದ ಮಾತು; ನಾವೂ ಬೀಗುತ್ತೇವೆ. ಗಣಿತ ಬಾರದ ಕನ್ನಡದ ಹುಡುಗಿಯೊಬ್ಬಳು ಅಲ್ಲಿ ಕೈಯೆತ್ತಿ ‘ಅರ್ಥವಾಗಲಿಲ್ಲ’ ಎನ್ನಲು ಎಷ್ಟು ನಾಚಿಕೆಪಡಬೇಕು ಎಂಬುದನ್ನು ಯಾರೂ ಯೋಚಿಸುವುದಿಲ್ಲ. ಒಂದು ಜನಾಂಗ ಹುಟ್ಟಾ ಜಾಣರು ಎಂದು ಒಪ್ಪಿಕೊಂಡರೆ, ಪಕ್ಕದ ಬೆಂಚಿನ ಮಗು ಹುಟ್ಟಾ ದಡ್ಡ ಎನ್ನುವುದಕ್ಕೂ ಸಹಿ ಹಾಕಿದಂತಾಯಿತು.

ನಮ್ಮ ದೇಶದಲ್ಲಿ ಬಣ್ಣದ ಜಾಗದಲ್ಲಿ ಜಾತಿ ಕುಳಿತಿದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮಾಡಿದ ಪ್ರಯೋಗವನ್ನು ವಿಶ್ವಬ್ಯಾಂಕ್ 2004ರಲ್ಲಿ ಪ್ರಕಟಿಸಿತು. ಆರು, ಏಳನೇ ತರಗತಿಯ 642 ಹುಡುಗರು, ಅರ್ಧ ಮೇಲುಜಾತಿ, ಅರ್ಧ ಕೆಳಜಾತಿಯೆನಿಸಿಕೊಂಡವರು. ಕಾಗದದ ಮೇಲಿನ ಸಿಕ್ಕುದಾರಿಯ ಒಗಟುಗಳನ್ನು ಬಿಡಿಸಬೇಕು. ಜಾತಿ ಹೇಳದೆ ಕೂರಿಸಿದಾಗ ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ. ಪ್ರತಿ ಹುಡುಗನ ಹೆಸರು, ಊರು, ತಂದೆ–ತಾತನ ಹೆಸರು, ಜಾತಿ ಎಲ್ಲವನ್ನೂ ಎಲ್ಲರೆದುರು ಗಟ್ಟಿಯಾಗಿ ಓದಿ ‘ಹೌದೇ?’ ಎಂದು ಕೇಳಿ ಕೂರಿಸಿದಾಗ, ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ತಟ್ಟನೆ ಕುಸಿಯಿತು. ಯಾರೂ ಅವರನ್ನು ಬೈದಿರಲಿಲ್ಲ. ಸಾರ್ವಜನಿಕ ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ನೋಂದಣಿ ಸಂಖ್ಯೆ ಬರೆಸುತ್ತೇವೆ. ಆ ಒಂದು ದಿನದ ಮೂರು ಗಂಟೆ ಹೆಸರು ಮರೆಯಲ್ಲಿರುತ್ತದೆ. ವರ್ಷದ ಉಳಿದ ದಿನಗಳಲ್ಲಿ ನಾವು ಹಾಜರಿ ಕೂಗುವುದು ಹೆಸರು ಹಿಡಿದೇ.

ಈ ಸಲ ಜೂನ್‌ನಲ್ಲಿ ಹಿಂದಿನ ವರ್ಷದ ಅಂಕಪಟ್ಟಿ ನನ್ನ ಮೇಜಿಗೆ ಬಂದಾಗ ಅದನ್ನು ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದೆ. ಮೊದಲ ಕಿರುಪರೀಕ್ಷೆ ಮುಗಿಯುವವರೆಗೆ ತೆಗೆಯಲಿಲ್ಲ. ಕೇರಿ, ಮನೆ, ತಂದೆಯ ಕೆಲಸ ಇವನ್ನು ಬೀಗ ಹಾಕಿ ಇಡುವ ಡ್ರಾಯರ್ ಮಾತ್ರ ನನಗೆ ಸಿಕ್ಕಿಲ್ಲ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುತ್ತೇನೆ. ಮೂರು ಸೆಕೆಂಡು ಎಷ್ಟು ಉದ್ದ ಎಂಬುದು ಐವತ್ತು ಮಕ್ಕಳ ಮುಂದೆ ಸುಮ್ಮನೆ ನಿಂತವರಿಗೇ ಗೊತ್ತು.

ಕಳೆದ ತಿಂಗಳು ಪೋಷಕರ ಸಭೆ ಇತ್ತು. ಒಬ್ಬ ತಂದೆ ಮಗನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ‘ನಮ್ಮೋನ್ಗೆ ಸೈನ್ಸು ತಲೆಗೆ ಹತ್ತಲ್ಲ ಸಾ. ನಮ್ಮ ಮನೇಲಿ ಯಾರ್ಗೂ ಹತ್ತಿಲ್ಲ’ ಎಂದರು. ಹಿಂದೆಲ್ಲ ಇಂಥ ಮಾತಿಗೆ ನಾನು ತಲೆಯಾಡಿಸುತ್ತಿದ್ದೆ. ಈ ಸಲ ಆಡಿಸಲಿಲ್ಲ. ಹುಡುಗ ಅಪ್ಪನ ಮುಖ ನೋಡುತ್ತಿರಲಿಲ್ಲ, ನನ್ನ ತಲೆಯನ್ನೇ ನೋಡುತ್ತಿದ್ದ.